ಗೀಜಗನ ಗೂಡಿನ ಕೆಳಗೆ

ಪ್ರಕೃತಿಯೇ ಪರಮಗುರು ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಯೋ ಲೆಕ್ಕವಿಲ್ಲ. ಇರುವೆಯಿಂದ ದುಡಿಮೆಯನ್ನೂ, ಜೇನಿನಿಂದ ಒಗ್ಗಟ್ಟನ್ನೂ, ಹೊಳೆಯಿಂದ ಪರೋಪಕಾರವನ್ನೂ, ಮರದಿಂದ ತ್ಯಾಗವನ್ನೂ ಕಲಿಯಬೇಕೆಂದು ಪ್ರಾಥಮಿಕ ಶಾಲೆಯ ಗೋಡೆಗಳು ಸಾರುತ್ತವೆ. ಭಾಷಣ ಸ್ಪರ್ಧೆಯ ವೇದಿಕೆಗಳು ಸಾರುತ್ತವೆ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯೂ ಆಗಾಗ ಸಾರುತ್ತಲೇ ಬಂದಿದೆ. ಹಾಗೆ ಸಾರಿದವರ ಸಾಲಿನಲ್ಲಿ ನಾನೂ ನಿಂತವಳೇ ಆದ್ದರಿಂದ ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ.

ಮೊದಲನೆಯ ವರ್ಷದಲ್ಲಿ ನಮ್ಮ ಕನ್ನಡ ಅಧ್ಯಾಪಕರು 'ನಿಸರ್ಗದಿಂದ ನಾನು ಕಲಿತ ಪಾಠ' ಎಂಬ ವಿಷಯದ ಮೇಲೆ ಪ್ರಬಂಧ ಬರೆದು ತರಲು ಹೇಳಿದ್ದರು. ನಾನು ಗೀಜಗನ ಹಕ್ಕಿಯನ್ನು ಆರಿಸಿಕೊಂಡು ನಾಲ್ಕು ಪುಟ ತುಂಬಿಸಿದೆ. ಗಂಡುಹೆಣ್ಣುಗಳೆರಡೂ ಕೂಡಿ ಪ್ರೀತಿಯಿಂದ ಗೂಡು ನೇಯುತ್ತವೆಂದೂ, ರಾತ್ರಿ ಬೆಳಕಿಗಾಗಿ ಹಸಿಮಣ್ಣಿನಲ್ಲಿ ಮಿಣುಕುಹುಳುಗಳನ್ನು ಮೆತ್ತಿ ದೀಪ ಮಾಡಿಕೊಳ್ಳುತ್ತವೆಂದೂ, ಆ ಪುಟ್ಟ ಜೀವದ ಶ್ರಮಕ್ಕೆ ಫಲ ತಪ್ಪದೆ ಸಿಗುವಂತೆ ನಮ್ಮ ಶ್ರಮಕ್ಕೂ ಸಿಗುತ್ತದೆಂದೂ ಬರೆದೆ. ಕೊನೆಯ ವಾಕ್ಯವನ್ನು ಬರೆದು ಮುಗಿಸಿದಾಗ ನನ್ನ ಕಣ್ಣೇ ತೇವವಾಗಿತ್ತೆಂದು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಪ್ರಬಂಧ ಹಿಂದಕ್ಕೆ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಂದು ಪದವಿತ್ತು: "ನೋಡಿದ್ದೀಯಾ?"

ನನಗೆ ಕೋಪ ಬಂತು. ಹಳ್ಳಿಯಲ್ಲಿ ಹುಟ್ಟಿ ಬೆಳೆದವಳನ್ನು ಗೀಜಗನ ಗೂಡು ನೋಡಿದ್ದೀಯಾ ಎಂದು ಕೇಳುವುದೆ? ಆದರೆ ಕೋಪ ಇಳಿದ ಮೇಲೆ ಯೋಚಿಸಿದರೆ, ನಾನು ನೋಡಿದ್ದದ್ದು ಗೂಡನ್ನೇ ಹೊರತು ಗೀಜಗವನ್ನಲ್ಲ. ಗೂಡು ಕಟ್ಟುವುದನ್ನಂತೂ ಒಂದು ದಿನವೂ ನಿಂತು ನೋಡಿರಲಿಲ್ಲ. ನನ್ನ ನಾಲ್ಕು ಪುಟಗಳು ಪಠ್ಯಪುಸ್ತಕದಿಂದ ಒಂದಿಷ್ಟು, ಅಜ್ಜಿಯ ಬಾಯಿಂದ ಒಂದಿಷ್ಟು, ಯಾರೋ ಬರೆದ ಭಾಷಣದಿಂದ ಒಂದಿಷ್ಟು ಬಂದಿದ್ದವು. ಈ ಲೇಖನ ಆ ಕೆಂಪು ಶಾಯಿಯ ಪ್ರಶ್ನೆಗೆ ಎರಡು ವರ್ಷ ತಡವಾಗಿ ಕೊಡುತ್ತಿರುವ ಉತ್ತರ.

ನೋಡಲು ಅವಕಾಶ ಸಿಕ್ಕಿದ್ದು ಬಸ್ಸಿನಿಂದ. ನಮ್ಮ ಊರು ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರು ಒಳಗಿದೆ. ಹೆದ್ದಾರಿ ಸೇರುವ ತಿರುವಿಗೆ ನಾವು ಗೇಟು ಎನ್ನುತ್ತೇವೆ. ಅಲ್ಲಿ ಗೇಟಂತೂ ಇಲ್ಲ. ಒಂದು ಚಹಾದ ಪೆಟ್ಟಿಗೆ ಅಂಗಡಿ, ಕೂರಲು ಒಂದು ಕಲ್ಲುಚಪ್ಪಡಿ, ಅದರ ಹಿಂದೆ ಒಂದು ಹಳೆಯ ಕಪಿಲೆ ಬಾವಿ, ಇಷ್ಟೇ. ಎತ್ತುಗಳು ಕಪಿಲೆ ಎಳೆಯುತ್ತಿದ್ದ ಕಾಲ ನಮ್ಮ ಅಪ್ಪನಿಗೂ ಮಸುಕಾಗಿ ನೆನಪಿದೆ. ಈಗ ಸುತ್ತಲ ತೋಟಗಳಿಗೆಲ್ಲ ಕೊಳವೆ ಬಾವಿಯ ನೀರು. ಈ ಬಾವಿಯ ತಳದಲ್ಲಿ ಮಳೆಗಾಲದಲ್ಲಿ ಮಾತ್ರ ಒಂದಾಳು ನೀರು ನಿಲ್ಲುತ್ತದೆ. ಬಾವಿಯ ಅಂಚಿಗೆ ಒಂದು ಕರಿಜಾಲಿ ಮರ ಒಳಕ್ಕೆ ಬಾಗಿ ನಿಂತಿದೆ. ಆಚೆಯ ಬದುವಿನ ಮೇಲೆ ನಾಲ್ಕಾರು ಈಚಲು ಮರಗಳು.

ನಾನೂ ನನ್ನ ಗೆಳತಿಯೊಬ್ಬಳೂ ಬೆಳಗಿನ ಜಾವದ ಮಬ್ಬಿನಲ್ಲಿ ಜೊತೆಯಾಗಿ ಗೇಟಿಗೆ ನಡೆದು ಬರುತ್ತೇವೆ. ಏಳು ಗಂಟೆಗೆ ಗಾರ್ಮೆಂಟ್ಸ್ ವ್ಯಾನು ಬಂದು ಅವಳನ್ನು ಕರೆದುಕೊಂಡು ಹೋಗುತ್ತದೆ. ನನ್ನ ಬಸ್ಸು ಏಳೂಮುಕ್ಕಾಲಕ್ಕೆ. ನಡುವಿನ ಮುಕ್ಕಾಲು ಗಂಟೆ ನಾನೊಬ್ಬಳೇ. ಮೊದಲೆರಡು ವರ್ಷ ಈ ಮುಕ್ಕಾಲು ಗಂಟೆಯನ್ನು ಮೊಬೈಲು ನೋಡಿ ಕಳೆದೆ. ಈ ಸಲದ ಮುಂಗಾರಿನಲ್ಲಿ, ಮೃಗಶಿರ ಮಳೆ ಬಿದ್ದು ನಾಲ್ಕೈದು ದಿನಗಳಾಗಿದ್ದಾಗ, ಬಾವಿಯ ಕಡೆಯಿಂದ ಸಂತೆಯ ಗಲಾಟೆಯಂಥ ಚಿಲಿಪಿಲಿ ಕೇಳಿ ತಲೆಯೆತ್ತಿದೆ. ಕೆಂಪು ಶಾಯಿ ನೆನಪಾಯಿತು. ಅಂದಿನಿಂದ ಉತ್ತರೆ ಮಳೆಯವರೆಗೆ, ರಜಾದಿನಗಳನ್ನು ಬಿಟ್ಟು, ಒಂದು ನೂರು ಪುಟದ ನೋಟುಪುಸ್ತಕದಲ್ಲಿ ದಿನವೂ ಎರಡು ಸಾಲಾದರೂ ಬರೆದಿದ್ದೇನೆ.

ಮೊದಲು ಹಕ್ಕಿಯ ಗುರುತು ಹೇಳಬೇಕು. ಬೇಸಿಗೆಯಲ್ಲಿ ಗೀಜಗವನ್ನು ಗುಬ್ಬಚ್ಚಿಯೆಂದು ತಿಳಿದರೆ ತಪ್ಪಿಲ್ಲ. ಗಾತ್ರವೂ ಅದೇ, ಗೆರೆಗೆರೆಯ ಕಂದುಬಣ್ಣವೂ ಹೆಚ್ಚುಕಡಿಮೆ ಅದೇ. ಮಳೆ ಹತ್ತಿರವಾದಂತೆ ಗಂಡಿಗೆ ಮಾತ್ರ ಹೊಸಬಟ್ಟೆ ಬರುತ್ತದೆ. ನೆತ್ತಿ ಅರಿಸಿನ ಬಳಿದಂತೆ ಹಳದಿ, ಎದೆಯೂ ಹಳದಿ, ಕಣ್ಣು ಕೆನ್ನೆಗಳ ಸುತ್ತ ಕಪ್ಪುಗಂದು ಮುಸುಕು. ಹೆಣ್ಣು ಮೊದಲಿನ ಬಣ್ಣದಲ್ಲೇ ಉಳಿಯುತ್ತದೆ. ಇದೊಂದು ಗುರುತು ಸಿಕ್ಕಿದ ಕೂಡಲೇ ನನ್ನ ಪ್ರಬಂಧದ ಮೊದಲನೆಯ ಪುಟ ಬಿದ್ದುಹೋಯಿತು. ಏಕೆಂದರೆ ಹುಲ್ಲೆಸಳು ಕಚ್ಚಿಕೊಂಡು ಬಂದ ಹಕ್ಕಿಗಳೆಲ್ಲವೂ ಹಳದಿ ನೆತ್ತಿಯವೇ. ಹೆಣ್ಣುಗಳು ಆ ವಾರ ಮರದ ಹತ್ತಿರವೂ ಸುಳಿಯಲಿಲ್ಲ.

ನೇಯುವ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ನೋಡದೆ ಗೂಡನ್ನು ಹೊಗಳುವುದು ಊಟ ಮಾಡದೆ ಅಡಿಗೆಯನ್ನು ಹೊಗಳಿದಂತೆ. ಗಂಡು ಈಚಲು ಗರಿಯ ಮೇಲೆ ಕೂತು ಅದರ ಅಂಚಿಗೆ ಕೊಕ್ಕಿನಿಂದ ಒಂದು ಕಚ್ಚು ಹಾಕುತ್ತದೆ. ಕಚ್ಚಿದ ತುದಿಯನ್ನು ಬಿಡದೆ ಹಿಡಿದು ಹಾರುತ್ತದೆ. ಹಾರುವ ರಭಸಕ್ಕೆ ಗರಿಯ ಉದ್ದಕ್ಕೂ ದಾರದಂಥ ಎಳೆಯೊಂದು ಸೀಳಿಕೊಂಡು ಬರುತ್ತದೆ. ಕತ್ತರಿಯಿಲ್ಲ, ಚಾಕುವಿಲ್ಲ, ರೆಕ್ಕೆಯ ಬಲವೇ ಆಯುಧ. ಒಂದೊಂದು ಎಳೆ 20 ರಿಂದ 60 ಸೆಂಟಿಮೀಟರಿನಷ್ಟು ಉದ್ದವಿರುತ್ತದೆ. ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ಎದ್ದ ಮೇಲೆ ಭತ್ತದ ಗರಿಯ ಎಳೆಗಳೂ ಬರಲಾರಂಭಿಸಿದವು. ಎಳೆ ಹಸಿಯಾಗಿರಬೇಕು, ಒಣಗಿದ್ದು ಬಾಗಿಸಿದರೆ ಮುರಿಯುತ್ತದೆ.

ಮೊದಲ ಎಳೆಯನ್ನು ಕೊಂಬೆಗೆ ಕಟ್ಟುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ನನಗೆ ತೋರಿತು. ಹಕ್ಕಿ ಎಳೆಯ ಒಂದು ತುದಿಯನ್ನು ಕಾಲಿನಿಂದ ಕೊಂಬೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕೊಕ್ಕಿನಿಂದ ಸುತ್ತಿಸಿ, ಸುತ್ತಿದ ಸುರುಳಿಯ ಅಡಿಗೆ ತೂರಿಸಿ ಎಳೆಯುತ್ತದೆ. ಅರ್ಧಕ್ಕರ್ಧ ಎಳೆಗಳು ಜಾರಿ ಬಾವಿಗೆ ಬೀಳುತ್ತವೆ. ನಾನು ಮೊದಲ ದಿನ ಲೆಕ್ಕವಿಟ್ಟ ಒಂದು ಹಕ್ಕಿ ಬಸ್ಸು ಬರುವವರೆಗೆ ಹನ್ನೊಂದು ಎಳೆ ತಂದಿತು, ನಿಂತದ್ದು ನಾಲ್ಕು. ಕಟ್ಟು ಗಟ್ಟಿಯಾದ ಮೇಲೆ ಅದರಿಂದ ಕೆಳಕ್ಕೆ ಒಂದು ಬಳೆಯಂಥ ಉಂಗುರ ನೇಯುತ್ತದೆ. ಆಮೇಲೆ ಆ ಬಳೆಯೊಳಗೇ ಕೂತು, ತನ್ನ ಕೊಕ್ಕು ಎಟುಕುವಷ್ಟು ದೂರಕ್ಕೆ ಮುಂದಕ್ಕೂ ಹಿಂದಕ್ಕೂ ಮಾಡನ್ನು ಬೆಳೆಸುತ್ತ ಹೋಗುತ್ತದೆ. ಹೀಗೆ ಗೂಡಿನ ಅಳತೆಗೋಲು ಹಕ್ಕಿಯ ಮೈಯೇ.

ಸುಮಾರು ಎಂಟು ದಿನಗಳಲ್ಲಿ ಗೂಡು ಬುಟ್ಟಿಯನ್ನು ಕವುಚಿ ತೂಗುಹಾಕಿದಂತೆ ಆಗುತ್ತದೆ. ಬುಟ್ಟಿಯ ಬಾಯಿಗೆ ಅಡ್ಡಲಾಗಿ ಒಂದು ಪಟ್ಟಿ. ಹಕ್ಕಿಗಳನ್ನು ಅಭ್ಯಾಸ ಮಾಡುವವರು ಈ ಹಂತಕ್ಕೆ ಹೆಲ್ಮೆಟ್ ಎಂದು ಹೆಸರಿಟ್ಟಿದ್ದಾರೆ. ಹೆಸರು ಚೆನ್ನಾಗಿಯೇ ಒಪ್ಪುತ್ತದೆ, ಗದ್ದದ ಪಟ್ಟಿಯ ಸಮೇತ. ಇಲ್ಲಿಗೆ ಬಂದು ಗಂಡು ಕೆಲಸ ನಿಲ್ಲಿಸಿಬಿಡುತ್ತದೆ! ನಾನು ಮೊದಲು ಸೋಮಾರಿತನವೆಂದುಕೊಂಡೆ. ಹಾಗಲ್ಲ. ಇದು ಪರೀಕ್ಷೆಯ ಕಾಲ. ಹೆಣ್ಣುಗಳ ಗುಂಪು ಮರಕ್ಕೆ ಬರುತ್ತಲೇ ಎಲ್ಲ ಗಂಡುಗಳೂ ತಮ್ಮ ತಮ್ಮ ಅರೆಗೂಡುಗಳಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತ ಒಟ್ಟಿಗೆ ಕೂಗುತ್ತವೆ. ನಮ್ಮ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುವವರು ಬಸ್ಸು ನಿಂತ ಕೂಡಲೇ ಕಿಟಕಿಗಳಿಗೆ ಮುಗಿಬೀಳುವುದನ್ನು ನೋಡಿದವರಿಗೆ ಬೇರೆ ವರ್ಣನೆ ಬೇಡ. ಹೆಣ್ಣು ಒಂದು ಗೂಡಿನೊಳಕ್ಕೆ ಹೋಗುತ್ತದೆ, ಎಳೆಗಳನ್ನು ಕೊಕ್ಕಿನಿಂದ ಜಗ್ಗಿ ನೋಡುತ್ತದೆ, ಹೊರಟುಹೋಗುತ್ತದೆ, ಮತ್ತೊಂದಕ್ಕೆ ಹೋಗುತ್ತದೆ. ಒಪ್ಪಿಗೆಯಾದ ಗೂಡಿನ ಗಂಡು ಮಾತ್ರ ಕೆಲಸವನ್ನು ಮುಂದುವರಿಸಿ, ಪಟ್ಟಿಯ ಒಂದು ಬದಿಯನ್ನು ಮೊಟ್ಟೆಯ ಕೋಣೆಯಾಗಿ ಮುಚ್ಚಿ, ಇನ್ನೊಂದು ಬದಿಯನ್ನು ಕೆಳಕ್ಕೆ ಉದ್ದನೆಯ ಕೊಳವೆಯಾಗಿ ಇಳಿಸುತ್ತದೆ. ಎಲ್ಲ ಸೇರಿ ಒಂದು ಗೂಡಿಗೆ ಹದಿನೆಂಟು ದಿನಗಳಷ್ಟು ಹಿಡಿಯುತ್ತದೆ, 500 ರವರೆಗೆ ಸುತ್ತಾಟವಾಗುತ್ತದೆ. ಒಪ್ಪಿಗೆಯಾಗದ ಗೂಡು ಅರ್ಧಕ್ಕೇ ನಿಂತು, ಹಸುರು ಹೋಗಿ, ಒಣಗಿ, ಕಂದುಬಣ್ಣವಾಗುತ್ತದೆ.

ನಮ್ಮ ಜಾಲಿಮರದಲ್ಲಿ ಜುಲೈ ಕೊನೆಗೆ ಒಟ್ಟು ಇಪ್ಪತ್ತಾರು ಗೂಡುಗಳಿದ್ದವು. ಕೊಳವೆ ಇಳಿದದ್ದು ಹದಿನೈದಕ್ಕೆ. ಉಳಿದ ಹನ್ನೊಂದು ಹೆಲ್ಮೆಟ್ಟುಗಳೇ. ಶ್ರಮಕ್ಕೆ ಫಲ ತಪ್ಪದೆ ಸಿಗುತ್ತದೆಂದು ಬರೆದಿದ್ದೆನಲ್ಲ! ಆ ಹನ್ನೊಂದನ್ನು ಎಣಿಸುವಾಗ ಕಣ್ಣು ಬೇರೆ ರೀತಿಯಲ್ಲಿ ತೇವವಾಯಿತು.

ಇನ್ನು ಸಂಸಾರದ ವಿಷಯ. ಗೂಡು ಪೂರ್ತಿಯಾಗಿ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಪಕ್ಕದ ಕೊಂಬೆಯಲ್ಲಿ ಹೊಸ ಬಳೆ ನೇಯಲು ಹೊರಟಿತು. ಎರಡು ಮೂರು ಗೂಡುಗಳಲ್ಲಿ ಇದೇ ಕಂಡಾಗ ನನ್ನ ಕಣ್ಣಿನ ಮೇಲೆ ನನಗೇ ಅನುಮಾನ ಬಂದು ಪುಸ್ತಕ ಹುಡುಕಿದೆ. ಇದನ್ನು ತೊಂಬತ್ತು ವರ್ಷಗಳಿಗೂ ಹಿಂದೆ ಕಂಡು ಬರೆದವರು ಸಲೀಂ ಅಲಿಯವರು (1896–1987). 1930ರಲ್ಲಿ ಅವರು ಜರ್ಮನಿಯಲ್ಲಿ ಪಕ್ಷಿಶಾಸ್ತ್ರದ ತರಬೇತಿ ಪಡೆದು ಹಿಂದಿರುಗಿದಾಗ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಅವರಿಗಿದ್ದ ಕೆಲಸ ಹಣದ ಅಭಾವದಿಂದ ರದ್ದಾಗಿತ್ತು. ಬೇರೆ ಉದ್ಯೋಗ ಸಿಗದೆ ಪತ್ನಿಯೊಡನೆ ಮುಂಬಯಿಗೆ ಎದುರಾದ ಕಡಲತೀರದ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲಸಿದರು. ಅಲ್ಲಿ ಗೀಜಗಗಳ ಒಂದು ಕಾಲೊನಿ ಸಿಕ್ಕಿತು. ಮಳೆಗಾಲವೆಲ್ಲ ಅದನ್ನು ನೋಡುತ್ತ ಕೂತರು. ಒಂದು ಗಂಡು ಒಂದು ಗೂಡಿಗೆ ಹೆಣ್ಣು ಬಂದ ಮೇಲೆ ಮತ್ತೊಂದು ಗೂಡು, ಮತ್ತೊಂದು ಹೆಣ್ಣು ಎಂದು ಹೋಗುವುದನ್ನು ಗುರುತಿಸಿ, ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಆ ಸಂಗತಿಯನ್ನು ಪ್ರಕಟಿಸಿದರು. ಕೆಲಸ ಕಳೆದುಕೊಂಡ ಮನುಷ್ಯನ ಕೈಯಲ್ಲಿ ಸಮಯವಿತ್ತು. ಹಕ್ಕಿಗೆ ಬೇಕಾಗಿದ್ದದ್ದೂ ನೋಡುವವನ ಸಮಯವೇ.

ಎರಡರಿಂದ ನಾಲ್ಕು ಬಿಳಿಯ ಮೊಟ್ಟೆಗಳಿಗೆ ಎರಡು ವಾರಕ್ಕೂ ಮೇಲ್ಪಟ್ಟು ಕಾವು ಕೊಡುವುದು ಹೆಣ್ಣೊಂದೇ. ಮರಿಗೆ ಗುಟುಕು ಕೊಡುವ ಭಾರವೂ ಹೆಚ್ಚಾಗಿ ಅದರ ಮೇಲೆಯೇ. ಇದನ್ನೆಲ್ಲ ನಮ್ಮ ಅಜ್ಜಿಗೆ ಹೇಳಿದಾಗ ಅಜ್ಜಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆ, "ಇಂಥೋರು ನಮ್ಮೂರಾಗೇ ಇಬ್ರು ಅವ್ರೆ. ಇದ್ನ ತಿಳ್ಕಳಕ್ಕೆ ಹಕ್ಕಿ ಯಾಕವ್ವ ನೋಡ್ಬೇಕು?" ಎಂದಳು. ಆದರ್ಶ ದಾಂಪತ್ಯದ ಪಾಠಕ್ಕೆ ಗೀಜಗವನ್ನು ಉದಾಹರಿಸುವವರು ದಯಮಾಡಿ ಬೇರೆ ಹಕ್ಕಿಯನ್ನು ಹುಡುಕಿಕೊಳ್ಳಬೇಕು.

ಮಿಣುಕುಹುಳುವಿನ ದೀಪದ ವಿಷಯದಲ್ಲಿ ಮಾತ್ರ ಅಜ್ಜಿ ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಆಶ್ಲೇಷ ಮಳೆಯ ಗಾಳಿಗೆ ಒಂದು ಗೂಡು ಕಿತ್ತು ಬಾವಿಯ ಕಟ್ಟೆಯ ಮೇಲೆ ಬಿದ್ದಿತ್ತು. ಕೈಗೆತ್ತಿಕೊಂಡರೆ, ನಿಜ, ಒಳಗೋಡೆಗೆ ಅಲ್ಲಲ್ಲಿ ಮಣ್ಣಿನ ಉಂಡೆಗಳನ್ನು ಮೆತ್ತಲಾಗಿದೆ. ಅಂದರೆ ಅಜ್ಜಿಯ ಕಥೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಗೂಡು ಬಿಡಿಸಿ ನೋಡಿದ ಯಾರೋ ಹಿರಿಯರು ಮಣ್ಣನ್ನು ಕಂಡಿದ್ದರು. ಏಕೆ ಎಂಬ ಪ್ರಶ್ನೆಗೆ ತಮಗೆ ತಿಳಿದ ಸುಂದರವಾದ ಉತ್ತರ ಕೊಟ್ಟುಕೊಂಡಿದ್ದರು. ಆದರೆ ಮಣ್ಣಿನಲ್ಲಿ ಹುಳುವಿನ ರೆಕ್ಕೆಯಾಗಲಿ ಕಾಲಾಗಲಿ ಇರಲಿಲ್ಲ. ಪಕ್ಷಿಶಾಸ್ತ್ರಜ್ಞರು ಬಿಡಿಸಿ ನೋಡಿದ ಗೂಡುಗಳೂ ಮಿಣುಕುಹುಳುವಿನ ದೀಪವನ್ನು ಸಮರ್ಥಿಸುವುದಿಲ್ಲ. ಗಾಳಿಗೆ ಗೂಡು ವಿಪರೀತ ತೂಗಾಡದಂತೆ ಭಾರಕ್ಕಾಗಿ ಮೆತ್ತುತ್ತವೆ ಎಂಬುದು ಹಲವರು ಮುಂದಿಟ್ಟ ಕಾರಣ. ಅದರ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾನು ಗೂಡನ್ನು ಮನೆಗೆ ತಂದು ತೋರಿಸಿದೆ. ಅಜ್ಜಿ ಉಂಡೆಯನ್ನು ಬೆರಳಿನಿಂದ ಕೆರೆದು ನೋಡಿ, "ಹುಳ ಹಾರೋಗೈತೆ" ಎಂದಳು. ವಾದ ಅಲ್ಲಿಗೇ ಮುಗಿಯಿತು.

ಈ ವರೆಗಿನದೆಲ್ಲ ನನ್ನ ಹಳೆಯ ಪ್ರಬಂಧದ ತಿದ್ದುಪಡಿ. ಆದರೆ ನನ್ನನ್ನು ನಿಜವಾಗಿ ಕದಡಿದ ಸಂಗತಿ ಇನ್ನೊಂದಿದೆ.

ಬಾವಿಯ ಕಡೆಗೆ ಬಾಗದೆ ಕಾಂಡದ ಹತ್ತಿರವೇ ಉಳಿದ ಒಂದು ದಪ್ಪ ಕೊಂಬೆಗೆ ಒಂದು ಗಂಡು ಗೂಡು ಕಟ್ಟಿತ್ತು. ನಾನು ಕೂರುತ್ತಿದ್ದ ಚಪ್ಪಡಿಗೆ ಅದೇ ಎಲ್ಲಕ್ಕಿಂತ ಸಮೀಪವಾದ್ದರಿಂದ ಅದರ ಒಂದೊಂದು ಎಳೆಯೂ ನನಗೆ ಪರಿಚಯ. ನೇಯ್ಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಬೇರೆ ಗೂಡುಗಳಲ್ಲಿ ಕಾಣುತ್ತಿದ್ದ ಸಡಿಲ ತುದಿಗಳು ಇದರಲ್ಲಿ ಕಾಣುತ್ತಿರಲಿಲ್ಲ. ಹೆಣ್ಣುಗಳು ಬಂದವು. ನನ್ನ ಟಿಪ್ಪಣಿಯ ಪ್ರಕಾರ ಆರು ಸಲ ಬಂದವು. ಒಂದೂ ನಿಲ್ಲಲಿಲ್ಲ. ಅದೇ ಹೊತ್ತಿನಲ್ಲಿ, ಮೇಲೆ ತೆಳುಕೊಂಬೆಯ ತುದಿಯಲ್ಲಿ ತೂಗುತ್ತಿದ್ದ, ನನ್ನ ಕಣ್ಣಿಗೆ ಒರಟಾಗಿ ಕಂಡ ಗೂಡೊಂದಕ್ಕೆ ಎರಡನೆಯ ದಿನವೇ ಒಪ್ಪಿಗೆಯಾಯಿತು. ನನಗೆ ಅನ್ಯಾಯವೆನಿಸಿತು. ಅಂದು ಬಸ್ಸಿನಲ್ಲಿ ಕಾಲೇಜಿನವರೆಗೂ ಆ ಹೆಣ್ಣುಹಕ್ಕಿಗಳ ಮೇಲೆ ಸಿಟ್ಟಿತ್ತು.

ಕಾರಣ ಹುಡುಕಿದಾಗ, ಸುಹೇಲ್ ಕ್ವಾಡರ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ತಿಳಿಯಿತು. ಗೀಜಗದ ಹೆಣ್ಣು ಗೂಡನ್ನು ಆರಿಸುವಾಗ ಅದರ ಕಟ್ಟಡದ ಕುಶಲತೆಗಿಂತ ಅದು ತೂಗುವ ಜಾಗಕ್ಕೆ ಹೆಚ್ಚು ಬೆಲೆ ಕೊಡುತ್ತದೆಂಬುದು ಅದರ ಸಾರ. ಮರದಲ್ಲಿ ಎತ್ತರದಲ್ಲಿರುವ, ತೆಳ್ಳಗಿನ ಕೊಂಬೆಗೆ ತೂಗುವ ಗೂಡುಗಳಿಗೆ ಮೊದಲ ಮಣೆ. ಯೋಚಿಸಿದರೆ ಹೆಣ್ಣಿನದು ತಪ್ಪಲ್ಲ. ಹಾವು ಹಲ್ಲಿಗಳು ದಪ್ಪ ಕೊಂಬೆಯ ಮೇಲೆ ಸರಾಗವಾಗಿ ಹರಿದು ಬರುತ್ತವೆ. ತೆಳುಕೊಂಬೆಯ ತುದಿಯನ್ನು ತಲುಪುವುದು ಕಷ್ಟ. ಅದಕ್ಕೆ ಬೇಕಾದದ್ದು ಮರಿ ಬದುಕುವುದು, ನೇಯ್ಗೆಗೆ ಬಹುಮಾನ ಹಂಚುವುದಲ್ಲ. ಜಾಗದ ಲೆಕ್ಕ ಇಷ್ಟಕ್ಕೇ ನಿಲ್ಲುವುದಿಲ್ಲ. ಗೀಜಗದ ಗೂಡುಗಳು ಮರದ ಪೂರ್ವದ ಮಗ್ಗುಲಲ್ಲೇ ಹೆಚ್ಚಾಗಿರುತ್ತವೆ. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ, ಮರವೇ ಅವಕ್ಕೆ ಗೋಡೆ. ನಮ್ಮ ಜಾಲಿಯಲ್ಲೂ ಪಡುವಣ ಕಡೆ ಇದ್ದದ್ದು ಮೂರೇ ಗೂಡುಗಳು. ಆಶ್ಲೇಷದ ಗಾಳಿಗೆ ಬಿದ್ದದ್ದು ಆ ಮೂರರಲ್ಲಿ ಒಂದು.

ಇನ್ನೂ ಒಂದು ಸಂಗತಿಯನ್ನು ಇದರ ಜೊತೆ ಓದಿದೆ. ಗೀಜಗದ ದಾಯಾದಿಯಾದ ಆಫ್ರಿಕದ ಇನ್ನೊಂದು ನೇಕಾರ ಹಕ್ಕಿಯನ್ನು ಕೊಲಿಯಾಸ್ ದಂಪತಿಗಳು ಸಾಕಿ ಅಭ್ಯಾಸ ಮಾಡಿ 1964ರಲ್ಲಿ ಬರೆದರು. ನೇಯ್ಗೆ ಹುಟ್ಟಿನಿಂದಲೇ ಪೂರ್ತಿ ಬರುವ ವಿದ್ಯೆಯಲ್ಲ. ಎಳೆಯ ಗಂಡುಗಳು ಎಲೆ ಹುಲ್ಲುಗಳೊಡನೆ ಆಡುತ್ತ, ಹರಕುಮುರುಕು ಗೂಡುಗಳನ್ನು ಕಟ್ಟಿ ಕೆಡವುತ್ತ ಕೈ ಪಳಗಿಸಿಕೊಳ್ಳುತ್ತವೆ. ನೇಯುವ ಸಾಮಗ್ರಿಯನ್ನೇ ಕೊಡದೆ ಬೆಳೆಸಿದ ಗಂಡುಗಳ ಕೈಗೆ ಆಮೇಲೆ ಅದು ಸಿಕ್ಕಾಗ ಅವು ಓರಗೆಯವುಗಳ ಸಮಕ್ಕೆ ನೇಯಲಾರದೆ ತಡವರಿಸಿದವು. ದಿನಕಳೆದಂತೆ ಸುಧಾರಿಸಿಕೊಂಡವು ಎಂಬುದನ್ನೂ ಹೇಳಬೇಕು.

ಇದನ್ನು ಓದಿದ ದಿನ ನನಗೆ ಪಾಠ ಕೇಳಲು ಮನಸ್ಸಾಗಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹತ್ತಿದ್ದು ನನ್ನ ಬುದ್ಧಿಯಿಂದ, ನನ್ನ ಶ್ರಮದಿಂದ ಎಂದು ಊರಿನವರು ಹೇಳುತ್ತಾರೆ. ಬೇರೆ ಹುಡುಗಿಯರಿಗೆ ನನ್ನನ್ನು ಉದಾಹರಣೆಯಾಗಿ ತೋರಿಸುತ್ತಾರೆ. ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನ್ನಲ್ಲಿಯೂ ಇರಲಿಲ್ಲ. ಆದರೆ ದಿನವೂ ಬೆಳಿಗ್ಗೆ ನನ್ನ ಜೊತೆ ಗೇಟಿಗೆ ನಡೆದು ಬರುವ ಗೆಳತಿ ಹತ್ತನೆಯ ತರಗತಿಯವರೆಗೆ ನನಗೆ ಲೆಕ್ಕ ಹೇಳಿಕೊಟ್ಟವಳು. ನಾನು ಬೀಜಗಣಿತದಲ್ಲಿ ಉತ್ತೀರ್ಣಳಾದದ್ದು ಅವಳಿಂದ. ಅವಳ ತಂದೆ ತೀರಿಕೊಂಡ ವರ್ಷ ನಾನು ಪಿ.ಯು.ಸಿ. ಸೇರಿದೆ, ಅವಳು ವ್ಯಾನು ಹತ್ತಿದಳು. ನನ್ನ ಅಪ್ಪನಿಗೆ ಎರಡು ಎಕರೆ ಹೊಲವೂ ಗಟ್ಟಿಯಾದ ಆರೋಗ್ಯವೂ ಇದ್ದವು. ಅದು ನಾನು ನೇಯ್ದದ್ದಲ್ಲ, ನನಗೆ ಸಿಕ್ಕಿದ ಕೊಂಬೆ. ದಪ್ಪ ಕೊಂಬೆಯ ಆ ಅಚ್ಚುಕಟ್ಟಾದ ಗೂಡನ್ನು ನೋಡಿ ಹಕ್ಕಿಗೆ ಅನ್ಯಾಯವಾಯಿತೆಂದು ಸಿಟ್ಟಾದವಳು, ಪಕ್ಕದಲ್ಲೇ ನಡೆಯುತ್ತಿದ್ದವಳನ್ನು ಐದು ವರ್ಷ ನೋಡಿಯೇ ಇರಲಿಲ್ಲ. "ನೋಡಿದ್ದೀಯಾ?" ಎಂಬ ಪದ ಹಕ್ಕಿಯನ್ನು ಕುರಿತದ್ದೆಂದೇ ನಾನು ಎರಡು ವರ್ಷ ತಿಳಿದಿದ್ದೆ.

ಇಲ್ಲಿ ಸ್ನೇಹಿತರು ಒಂದು ಆಕ್ಷೇಪ ಎತ್ತಬಹುದು. ಗೀಜಗದಿಂದ ಶ್ರಮದ ಪಾಠ ಕಲಿಯಬಾರದೆಂದವಳು ಈಗ ಅದೇ ಗೀಜಗದಿಂದ ಜಾಗದ ಪಾಠ ಕಲಿಯುತ್ತಿದ್ದಾಳಲ್ಲ ಎಂದು. ಆಕ್ಷೇಪ ಸರಿಯೇ. ಹಕ್ಕಿ ನಮಗೆ ಏನನ್ನೂ ಹೇಳುತ್ತಿಲ್ಲ. ತನ್ನ ಹೊಟ್ಟೆಪಾಡು, ತನ್ನ ಸಂತಾನ, ಅದಕ್ಕಷ್ಟೇ ಅದರ ಗಮನ. ಪಂಚತಂತ್ರದ ಕಥೆಯಲ್ಲಿ ಮಳೆಯಲ್ಲಿ ನಡುಗುವ ಕೋತಿಗೆ ಹಕ್ಕಿ ಬುದ್ಧಿ ಹೇಳಲು ಹೋಗಿ ಗೂಡನ್ನು ಕಳೆದುಕೊಳ್ಳುತ್ತದೆ. ಮೂರ್ಖನಿಗೆ ಉಪದೇಶ ಮಾಡಬೇಡ ಎಂಬುದು ಅದರ ನೀತಿಯೆಂದು ನಮಗೆ ಕಲಿಸಿದ್ದಾರೆ. ಮನೆಯಿಲ್ಲದವನನ್ನು ನೋಡಿ ಬೆಚ್ಚಗೆ ಕೂತವನು ಹಾಗೆ ಕೇಳಬಹುದೆ ಎಂದು ಒಬ್ಬರೂ ಕೇಳಿದ್ದು ನೆನಪಿಲ್ಲ. ಒಂದೇ ಕಥೆ, ಕೂತ ಕೊಂಬೆಗೆ ತಕ್ಕಂತೆ ನೀತಿ. ನಾನು ಹೇಳುವುದಿಷ್ಟೆ: ನೋಡದೆ ತೆಗೆದ ಪಾಠ ನಮಗೆ ಮೊದಲೇ ಗೊತ್ತಿದ್ದದ್ದನ್ನೇ ಹೇಳುತ್ತದೆ, ನಮ್ಮನ್ನು ಹೊಗಳಿಯೂ ಹೋಗುತ್ತದೆ. ನೋಡಿ ತೆಗೆದದ್ದು ಕೆಲವು ಸಲ ನಮಗೆ ಬೇಡವಾದದ್ದನ್ನು ಹೇಳುತ್ತದೆ.

ಆ ದಪ್ಪ ಕೊಂಬೆಯ ಗಂಡು ಏನಾಯಿತೆಂದು ಕೇಳುವವರಿಗೆ: ಆಗಸ್ಟ್ ಮೊದಲ ವಾರದಲ್ಲಿ ಅದು ತನ್ನ ಗೂಡನ್ನು ಬಿಟ್ಟು, ಬಾವಿಯ ಮೇಲಿನ ಒಂದು ಕೊಂಬೆಯಲ್ಲಿ ಹೊಸ ಬಳೆ ಆರಂಭಿಸಿತು. ಅದೇ ಹಕ್ಕಿಯೆಂದು ನಾನು ಗುರುತಿಸಿದ್ದು ಅದರ ಬಾಲದಲ್ಲಿ ಒಂದು ಗರಿ ಮುರಿದಿದ್ದರಿಂದ. ಮಖೆ ಮಳೆಯ ಹೊತ್ತಿಗೆ ಅದಕ್ಕೆ ಕೊಳವೆ ಇಳಿಯಿತು. ಅದರ ಮರಿಗಳು ಹಾರಿದ್ದನ್ನು ನಾನು ಕಾಣಲಿಲ್ಲ; ಆ ವಾರ ಕಿರುಪರೀಕ್ಷೆಗಳಿದ್ದವು. ಅದು ಬಿಟ್ಟುಹೋದ ಹಳೆಯ ಗೂಡಿಗೆ ಸೆಪ್ಟೆಂಬರಿನಲ್ಲಿ ರಾಟವಾಳ ಹಕ್ಕಿಗಳ ಜೋಡಿಯೊಂದು ಹುಲ್ಲುಹೂ ಕಚ್ಚಿಕೊಂಡು ಎರಡು ದಿನ ಹೋಗಿಬಂತು. ಗೀಜಗದ ಹಳೆಯ ಗೂಡುಗಳಲ್ಲಿ ರಾಟವಾಳಗಳು ಸಂಸಾರ ಹೂಡುವುದುಂಟು. ಮೂರನೆಯ ದಿನ ಅವೂ ಬರಲಿಲ್ಲ.

ಹಸ್ತಾ ಮಳೆ ಮುಗಿದು ಮರ ಮೌನವಾದ ಮೇಲೆ ಆ ಹೆಲ್ಮೆಟ್ಟು ಒಂದು ದಿನ ಕೆಳಗೆ ಬಿದ್ದಿತ್ತು. ನಾನು ಅದನ್ನು ಕನ್ನಡ ಅಧ್ಯಾಪಕರಿಗೆ ತೋರಿಸಬೇಕೆಂದು ಎತ್ತಿಟ್ಟುಕೊಂಡೆ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಚೀಲದಿಂದ ತೆಗೆದಾಗ ಗೆಳತಿ ಕೈಚಾಚಿ ಇಸಕೊಂಡಳು. ಬೀದಿದೀಪದ ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದಳು. ದಿನಕ್ಕೆ ನೂರಾರು ಕಾಲರುಗಳಿಗೆ ಹೊಲಿಗೆ ಹಾಕುವ ಬೆರಳುಗಳು ಎಳೆಗಳ ನಡುವೆ ನಿಧಾನವಾಗಿ ಸರಿದು ಒಂದು ಕಡೆ ನಿಂತವು.

"ಇಲ್ನೋಡು, ಇಲ್ಲಿ ತಪ್ಪೋಗೈತೆ. ಬಿಚ್ಚಿ ಮತ್ತೆ ಹಾಕೈತೆ. ಮೊದ್ಲಿನ ಎಳೆ ಮಡಿಕೆ ಬಿದ್ದಿರೋದು ಕಾಣಾಕಿಲ್ವ?"

ನನಗೆ ಕಾಣಲಿಲ್ಲ. ಅವಳು ಉಗುರಿನಿಂದ ಎತ್ತಿ ತೋರಿಸಿದ ಮೇಲೆ ಕಂಡಿತು. ಇಡೀ ಮಳೆಗಾಲ ಆ ಗೂಡಿನ ಕೆಳಗೆ ಕೂತಿದ್ದವಳು ನಾನು. ನನ್ನ ನೋಟುಪುಸ್ತಕವನ್ನೂ ಅವಳಿಗೆ ಕೊಟ್ಟೆ. ಬರುವ ಮುಂಗಾರಿಗೆ ನಾನು ಈ ಗೇಟಿನಲ್ಲಿ ನಿಲ್ಲುವುದಿಲ್ಲ. ಅವಳು ಹಾಳೆ ತಿರುವುತ್ತ, "ಇನ್ನೂ ಅರವತ್ತು ಪುಟ ಖಾಲಿ ಐತಲ್ಲೇ" ಎಂದಳು. ಅಷ್ಟರಲ್ಲಿ ತಿರುವಿನಲ್ಲಿ ವ್ಯಾನಿನ ದೀಪ ಕಂಡಿತು. ಗೂಡನ್ನು ನನ್ನ ಕೈಗೆ ಕೊಟ್ಟು, ನೋಟುಪುಸ್ತಕವನ್ನು ಊಟದ ಡಬ್ಬಿಯ ಚೀಲಕ್ಕೆ ತುರುಕಿಕೊಂಡು ಅವಳು ವ್ಯಾನು ಹತ್ತಿದಳು.